ಕುದುರೆ ದಾರಿಯಲ್ಲಿ ಸೈಕಲ್ಲು

“ಇಷ್ಟು ದುಡ್ಡು ಕೊಟ್ರೂ ಒಂದು ಸ್ಟ್ಯಾಂಡ್ ಹಾಕಿ ಕೊಡ್ಲಿಲ್ವಲ್ರೀ!”

ಮಗಳ ಮೌಂಟನ್ ಬೈಕು ಮನೆಗೆ ಬಂದ ದಿನ ನನ್ನ ಹೆಂಡತಿ ಆಡಿದ ಮಾತು ಇದು. ಹೌದಲ್ಲ ಎಂದು ನಾನೂ ಒಂದು ಸುತ್ತು ಬಂದು ನೋಡಿದೆ. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನ್‌ಕವರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ನಮ್ಮೂರ ಕಡೆಯ ಸಾಗರದ ಪೇಟೆಯಲ್ಲಿ ಗಂಟೆಗೆ ಇಷ್ಟು ಅಂತ ಬಾಡಿಗೆಗೆ ಕೊಡುತ್ತಿದ್ದ ಮುದಿ ಸೈಕಲ್ಲುಗಳಿಗೂ ಇವೆಲ್ಲ ಇರುತ್ತಿದ್ದವು. ಇದಕ್ಕಿದ್ದದ್ದು ಎಮ್ಮೆ ಕೊಂಬಿನಂತೆ ಅಗಲಿಸಿಕೊಂಡ ಒಂದು ಹ್ಯಾಂಡಲ್ಲು, ಗುಬುಟು ಗುಬುಟಾದ ದಪ್ಪ ಟೈರು, ಮುಂದಿನ ಚಕ್ರಕ್ಕೆ ಮೋಟರ್‌ಸೈಕಲ್ಲಿನ ಹಾಗೆ ಶಾಕ್ ಅಬ್ಸಾರ್ಬರು. ನಾವಿರುವ ಇಂಗ್ಲೆಂಡಿನಲ್ಲಿ ಹೊಸ ಸೈಕಲ್ಲನ್ನು ಬೆಲ್ ಇಲ್ಲದೆ ಮಾರುವಂತಿಲ್ಲ ಎಂದು ಕಾನೂನಿದೆ. ಹಾಗಾಗಿ ಅಂಗಡಿಯವನು ಪುಟ್ಟದೊಂದು ಬೆಲ್ ಹಾಕಿ ಕೊಟ್ಟಿದ್ದ. ಮಗಳು ಮನೆಗೆ ಬಂದವಳೇ ಅದನ್ನು ಬಿಚ್ಚಿ ಅಡುಗೆಮನೆಯ ಡ್ರಾಯರಿಗೆ ಹಾಕಿದಳು. “ಬೆಲ್ ಇದ್ರೆ ಅಜ್ಜಿ ಸೈಕಲ್ ಥರ ಕಾಣುತ್ತೆ ಅಪ್ಪ.”

ಎರಡು ವರ್ಷ ಕಳೆದು ಅವಳು ಕೆಲಸ ಸಿಕ್ಕಿ ಮ್ಯಾಂಚೆಸ್ಟರಿಗೆ ಹೋದಳು. ಸೈಕಲ್ಲು ಗರಾಜಿನ ಗೋಡೆಗೆ ಒರಗಿ ನಿಂತಿತು. ಅದೇ ತಿಂಗಳು ಡಾಕ್ಟರು ನನ್ನ ರಕ್ತದಲ್ಲಿನ ಸಕ್ಕರೆಯ ವಿಷಯ ಎತ್ತಿದರು. ಇಬ್ಬರೂ ಮಾತಾಡಿಕೊಂಡು ಮಾಡಿದ ಹಾಗಿತ್ತು.

ನಾವಿರುವುದು ಲಂಡನ್ನಿನ ದಕ್ಷಿಣಕ್ಕೆ, ಸರ್ರೆ ಸೀಮೆಯ ಡಾರ್ಕಿಂಗ್ ಎಂಬ ಊರಿನ ಅಂಚಿನಲ್ಲಿ. ಇಲ್ಲಿಯವರು ‘ಹಿಲ್ಸ್’ ಎಂದು ಕರೆಯುವುದನ್ನು ನೋಡಿ ಮಲೆನಾಡಿನವನಾದ ನಾನು ಮೊದಮೊದಲು ಮೀಸೆಯೊಳಗೇ ನಕ್ಕದ್ದುಂಟು. ಸರ್ರೆಗೆಲ್ಲ ಎತ್ತರದ್ದಾದ ಲೀತ್ ಹಿಲ್ ಸುಮಾರು 294 ಮೀಟರ್. ಬೆಂಗಳೂರಿನ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು ಇದರ ಮೂರರಷ್ಟು ಎತ್ತರದಲ್ಲಿದೆ. ಅದನ್ನು ಯಾರೂ ಗುಡ್ಡ ಅನ್ನುವುದಿಲ್ಲ. ಈ ಕೊರತೆ ಇಲ್ಲಿಯವರನ್ನೂ ಚುಚ್ಚಿರಬೇಕು. 1765ರಲ್ಲಿ ರಿಚರ್ಡ್ ಹಲ್ ಎಂಬೊಬ್ಬ ಸಿರಿವಂತ ಗುಡ್ಡದ ನೆತ್ತಿಯ ಮೇಲೆ ಗೋಪುರ ಕಟ್ಟಿಸಿ ಎತ್ತರವನ್ನು ಸಾವಿರ ಅಡಿ ದಾಟಿಸಿದ. ಸತ್ತ ಮೇಲೆ ತನ್ನನ್ನು ಅದರ ಬುಡದಲ್ಲೇ ಹೂಳಬೇಕು ಎಂದ, ಹೂಳಿದರು. ಮೊದಲ ಸಲ ಸೈಕಲ್ ತುಳಿದುಕೊಂಡು ಅಲ್ಲಿಗೆ ಹತ್ತಿದಾಗ, ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿಸಬೇಕಾದೀತು ಅನ್ನಿಸುವಷ್ಟು ಏದುಸಿರು ನನಗೆ. ಮೀಸೆಯೊಳಗಿನ ನಗು ಅವತ್ತೇ ನಿಂತಿತು. ಗೋಪುರದ ಬುಡದಲ್ಲಿ ಕಿಟಕಿಯೊಂದರಿಂದ ಚಹಾ ಮಾರುತ್ತಾರೆ. ಹಲ್ ಸಾಹೇಬನ ಆತ್ಮಕ್ಕೆ ಶಾಂತಿ ಸಿಗಲಿ.

ನನ್ನನ್ನು ಅಲ್ಲಿಗೆ ಹತ್ತಿಸಿದವರು ನೆರೆಮನೆಯ ಹಿರಿಯರು. ಎಪ್ಪತ್ತೊಂದು ವರ್ಷ, ಅಂಚೆ ಹಂಚಿ ನಿವೃತ್ತರಾದವರು. ನಮ್ಮ ಮನೆಯೊಳಗೆ ಅವರಿಗೆ ಅಂಚೆಯಣ್ಣ ಎಂದೇ ಹೆಸರು. ಪಾಪ, ಅವರಿಗೆ ಗೊತ್ತಿಲ್ಲ. ಅವರ ಜೊತೆ ಸೈಕಲ್ ತುಳಿಯುವುದಕ್ಕೆ ಮುಂಚೆ ಅವರ ಇಂಗ್ಲಿಷನ್ನು ಕಲಿಯಬೇಕು. ‘ಸ್ವಲ್ಪ ಹಸಿಯಾಗಿದೆ’ ಅಂದರೆ ಮೊಳಕಾಲುದ್ದ ಕೆಸರು. ‘ಸಣ್ಣದೊಂದು ಏರು’ ಅಂದರೆ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ‘ಇಲ್ಲಿಂದ ಮುಂದೆ ಕೊಂಚ ಮಜವಾಗಿದೆ’ ಅಂದರೆ ಇಳಿದು ನಡೆಯುವುದೇ ಲೇಸು. ‘ಇದು ಕಷ್ಟ’ ಎಂಬ ಮಾತು ಅವರ ಬಾಯಿಂದ ಇನ್ನೂ ಬಂದಿಲ್ಲ. ಬಂದ ದಿನ ಸೈಕಲ್ಲನ್ನು ಅಲ್ಲೇ ಬಿಟ್ಟು ಓಡಿಬರುವುದೆಂದು ತೀರ್ಮಾನಿಸಿದ್ದೇನೆ.

ಹೊರಡುವ ಮೊದಲು ಅವರು ನಮ್ಮ ಊಟದ ಮೇಜಿನ ಮೇಲೆ ಆರ್ಡ್‌ನೆನ್ಸ್ ಸರ್ವೇಯ ನಕ್ಷೆ ಹರಡಿದರು. ನಮ್ಮ ಭಾಗದ್ದು 146ನೆಯ ಹಾಳೆ. ಹೊಲ, ಬೇಲಿ, ಬಾವಿ, ಹೆಂಡದಂಗಡಿ ಎಲ್ಲ ಅದರಲ್ಲಿವೆ. ಅವುಗಳ ನಡುವೆ ಇರುವೆ ಸಾಲಿನಂತೆ ಹಸಿರು ಗೀಟುಗಳು. ಗಿಡ್ಡ ಗೀಟಾದರೆ ಕಾಲುದಾರಿ, ನಡೆಯುವವರಿಗೆ ಮಾತ್ರ. ಉದ್ದ ಗೀಟಾದರೆ ಬ್ರೈಡಲ್‌ವೇ, ಅದರಲ್ಲಿ ಕುದುರೆಯೂ ಹೋಗಬಹುದು, ಸೈಕಲ್ಲೂ ಹೋಗಬಹುದು. ನೆಲದ ಮೇಲೆ ಕಂಬ ನೆಟ್ಟು ಮೊದಲನೆಯದಕ್ಕೆ ಹಳದಿ ಬಾಣ, ಎರಡನೆಯದಕ್ಕೆ ನೀಲಿ ಬಾಣ ಹೊಡೆದಿರುತ್ತಾರೆ.

ಬ್ರೈಡಲ್‌ವೇ ಎಂದದ್ದನ್ನು ಕೇಳಿ ನನ್ನ ಹೆಂಡತಿ, ಮದುವೆ ಹೆಣ್ಣನ್ನು ಕರೆದುಕೊಂಡು ಹೋಗುವ ದಾರಿ ಇರಬೇಕು ಎಂದುಕೊಂಡಿದ್ದಳು. ಅದು ಆ ಬ್ರೈಡಲ್ ಅಲ್ಲ ಮಾರಾಯ್ತಿ, ಕುದುರೆ ಕಡಿವಾಣದ ಬ್ರೈಡಲ್ ಎಂದೆ. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ, ಉಚ್ಚಾರ ಒಂದೇ. ಕನ್ನಡದಲ್ಲಿ ಬರೆದರಂತೂ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅವಳು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, “ಗೊತ್ತಿದ್ದವರೇ ಇಟ್ಟ ಹೆಸರು ಬಿಡಿ” ಎಂದಳು.

ಕುದುರೆಯ ದಾರಿಗೆ ಸೈಕಲ್ಲು ಹೇಗೆ ಬಂತು ಎಂಬುದು ಸ್ವಾರಸ್ಯದ ಕತೆ. 1968ರಲ್ಲಿ ಇಲ್ಲಿಯ ಪಾರ್ಲಿಮೆಂಟು ಗ್ರಾಮಾಂತರ ಕಾಯ್ದೆಯೊಂದನ್ನು ಮಾಡಿತು. ಅದರ 30ನೆಯ ವಿಧಿ ಸೈಕಲ್ಲಿನವರಿಗೆ ಬ್ರೈಡಲ್‌ವೇಗಳಲ್ಲಿ ಹೋಗುವ ಹಕ್ಕು ಕೊಟ್ಟಿತು. ಷರತ್ತು, ನಡೆಯುವವರು ಬಂದರೆ ಬದಿಗೆ ಸರಿಯಬೇಕು, ಕುದುರೆ ಬಂದರೂ ಸರಿಯಬೇಕು. ಅಲ್ಲಿಗೆ ನಿಲ್ಲಲಿಲ್ಲ. ಸೈಕಲ್ಲಿನವರಿಗೆ ಅನುಕೂಲವಾಗಲಿ ಎಂದು ದಾರಿಯನ್ನು ಸರಿಮಾಡಿಕೊಡುವ ಹೊಣೆ ಇದರಿಂದ ಯಾರ ತಲೆಗೂ ಬರುವುದಿಲ್ಲ ಎಂದೂ ಅದೇ ವಿಧಿ ಬಿಡಿಸಿ ಹೇಳಿತು. ಮದುವೆಗೆ ಬನ್ನಿ, ಎಲೆ ಹಾಕುವುದು ಮಾತ್ರ ನಮ್ಮ ಜವಾಬ್ದಾರಿಯಲ್ಲ ಅಂದ ಹಾಗೆ. ನನಗೆ ಈ ಕಾನೂನಿನ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿದೆ. ಸುಳ್ಳು ಭರವಸೆ ಕೊಡದ ಕಾಯ್ದೆ ಎಷ್ಟಿವೆ ಹೇಳಿ?

ಆ ಕಾಯ್ದೆ ಬಂದಾಗ ಮೌಂಟನ್ ಬೈಕ್ ಎಂಬ ಸೈಕಲ್ಲೇ ಇರಲಿಲ್ಲ. ಅದು ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಪಡ್ಡೆಗಳು ಹಳೆಯ ಸೈಕಲ್ಲುಗಳಲ್ಲಿ ಗುಡ್ಡ ಇಳಿದೂ ಇಳಿದೂ ಹುಟ್ಟಿಸಿದ್ದು. ಆದರೆ ಸೈಕಲ್ಲನ್ನು ರಸ್ತೆ ಬಿಡಿಸಿ ಗುಡ್ಡಕ್ಕೆ ಎಬ್ಬುವ ಚಾಳಿ ಇಲ್ಲಿ ಅದಕ್ಕೂ ಹಳೆಯದು. 1955ರಲ್ಲಿ ಲೆಮ್‌ಸ್ಟರ್ ಎಂಬ ಊರಿನ ಪಬ್ಬೊಂದರಲ್ಲಿ ಕೆಲವರು ಸೇರಿ ರಫ್ ಸ್ಟಫ್ ಫೆಲೋಶಿಪ್ ಎಂಬ ಸಂಘ ಕಟ್ಟಿದರು. ಅವರ ಹಳೆಯ ಫೋಟೋಗಳನ್ನು ಅಂಚೆಯಣ್ಣ ತೋರಿಸಿದರು. ಸಾದಾ ಸೈಕಲ್ಲು, ಚಡ್ಡಿ, ಸ್ವೆಟರು; ಮಂಜು ಕವಿದ ಯಾವುದೋ ಬೆಟ್ಟದ ಮೇಲೆ ಒಲೆ ಹಚ್ಚಿ ಚಹಾ ಕಾಯಿಸುತ್ತಿದ್ದಾರೆ. ಶಾಕ್ ಅಬ್ಸಾರ್ಬರ್ ಇಲ್ಲದ ಕಾಲದಲ್ಲಿ ಅವರ ಬೆನ್ನುಮೂಳೆಯೇ ಆ ಕೆಲಸ ಮಾಡಿರಬೇಕು.

ನಮ್ಮ ಮನೆಯ ಪಶ್ಚಿಮಕ್ಕೆ ಹರ್ಟ್‌ವುಡ್ ಎಂಬ ಕಾಡಿದೆ. ಹೆಸರು ಕೇಳಿದಾಗ ನೋವಿನ ಕಾಡು ಎಂದುಕೊಂಡು, ಬಿದ್ದ ಸೈಕಲ್ಲಿಗರು ಇಟ್ಟ ಹೆಸರಿರಬೇಕು ಎಂದು ನಂಬಿದ್ದೆ. ಆದರೆ ಅಲ್ಲಿ ಬೆಳೆಯುವ ಬಿಲ್‌ಬೆರಿ ಹಣ್ಣಿಗೆ ಇಲ್ಲಿಯ ಹಳಬರು ಹರ್ಟ್ ಅನ್ನುತ್ತಿದ್ದರಂತೆ. ಈ ಕಾಡು ಖಾಸಗಿ ಜಮೀನು. 1926ರಲ್ಲಿ ಅದರ ಒಡೆಯ ರೆಜಿನಾಲ್ಡ್ ಬ್ರೇ, ಜನ ಬಂದು ಗಾಳಿ ಕುಡಿದು ಮೈ ಬೆವರಿಸಿಕೊಂಡು ಹೋಗಲಿ ಎಂದು ಪತ್ರ ಮಾಡಿಕೊಟ್ಟ. ಆ ಪುಣ್ಯಾತ್ಮನ ಕಣ್ಣ ಮುಂದಿದ್ದದ್ದು ಕೋಲೂರಿಕೊಂಡು ನಡೆಯುವ ಸಂಸಾರಸ್ಥರು. ಈಗ ಹಾಂಬರಿ ಹಿಲ್‌ನಿಂದ ಪೀಸ್‌ಲೇಕ್ ಹಳ್ಳಿಯತ್ತ ಕಲ್ಲೆಸೆದ ಹಾಗೆ ಇಳಿದುಬರುವ ಹುಡುಗರನ್ನು ಕಂಡಿದ್ದರೆ ಪತ್ರಕ್ಕೆ ಇನ್ನೊಂದು ಸಾಲು ಸೇರಿಸುತ್ತಿದ್ದನೋ ಏನೋ.

ಆ ಇಳಿಜಾರುಗಳಿಗೆ ಒಂದೊಂದು ಹೆಸರು. ಒಂದು ‘ಬ್ಯಾರಿ ನೋಸ್ ಬೆಸ್ಟ್’, ಅಂದರೆ ಎಲ್ಲಾ ಬ್ಯಾರಿಗೇ ಗೊತ್ತು. ಬ್ಯಾರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲವಾದ್ದರಿಂದ ಮೂರನೆಯ ತಿರುವಿನಲ್ಲಿ ಸೈಕಲ್ಲು ಒಂದು ಕಡೆ, ನಾನು ಒಂದು ಕಡೆ. ಇನ್ನೊಂದು ‘ಯೋಗರ್ಟ್ ಪಾಟ್ಸ್’. ಮೊಸರು ಕುಡಿಕೆ! ಸಾಲಾಗಿ ತಗ್ಗುಗಳು, ಒಂದರೊಳಗೆ ಜಾರಿ ಇಳಿದ ರಭಸದಲ್ಲೇ ಮೇಲೆ ಹತ್ತಿ ಮುಂದಿನದಕ್ಕೆ ಬೀಳಬೇಕು. ನಾಲ್ಕೈದು ಕುಡಿಕೆ ಕಳೆಯುವಷ್ಟರಲ್ಲಿ ಬೆಳಿಗ್ಗೆ ತಿಂದ ಉಪ್ಪಿಟ್ಟು ಹೊಟ್ಟೆಯೊಳಗೆ ಕಡೆದು ಮಜ್ಜಿಗೆಯಾಗಿರುತ್ತದೆ. ಹೆಸರಿಟ್ಟವನು ಯಾರೋ, ಕೈ ಮುಗಿಯಬೇಕು.

ಪೀಸ್‌ಲೇಕಿನ ಪುಟ್ಟ ಅಂಗಡಿಯಲ್ಲಿ ಚೀಸ್ ಸ್ಟ್ರಾ ಸಿಗುತ್ತದೆ. ಸೈಕಲ್ಲಿಗರ ಲೋಕದಲ್ಲಿ ಅದಕ್ಕೆ ನಮ್ಮ ಮದ್ದೂರು ವಡೆಯಷ್ಟು ಹೆಸರು. ಒಲೆಯಲ್ಲಿ ಉಬ್ಬಿಸಿದ ಪದರು ಪದರಾದ ಹಿಟ್ಟು, ಒಳಗೆ ಉಪ್ಪುಪ್ಪಾದ ಚೀಸು, ಕೈಯೆಲ್ಲ ಜಿಡ್ಡು. ಡಾಕ್ಟರ ಮಾತಿಗೆ ಗುಡ್ಡ ಹತ್ತಿ ಇಳಿಸಿದ ಸಕ್ಕರೆಗೆ ಇಲ್ಲಿ ಬೆಣ್ಣೆ ಸೇರಿಸಿಕೊಂಡು ಮನೆಗೆ ಬರುತ್ತೇನೆ. ಲೆಕ್ಕ ಸಮ.

ಇನ್ನು ಕೆಸರು. ಅದನ್ನು ಬಿಟ್ಟು ಇಂಗ್ಲೆಂಡಿನ ದಾರಿಯ ಬಗ್ಗೆ ಬರೆದವನನ್ನು ನಂಬಬೇಡಿ. ಡಾರ್ಕಿಂಗಿನ ಸುತ್ತ ಕೆಲವೇ ಮೈಲಿಯೊಳಗೆ ಮೂರು ನೆಲ. ಉತ್ತರಕ್ಕೆ ನಾರ್ತ್ ಡೌನ್ಸ್ ಗುಡ್ಡಗಳ ಚಾಕ್, ಸೀಮೆಸುಣ್ಣ. ಚಿಕ್ಕಂದಿನಲ್ಲಿ ಮೇಷ್ಟ್ರು ನಮ್ಮ ತಲೆಗೆ ಗುರಿಯಿಟ್ಟು ಎಸೆಯುತ್ತಿದ್ದುದಕ್ಕೆ ಸೀಮೆಸುಣ್ಣ ಎಂದೇಕೆ ಹೆಸರು ಎಂದು ಯೋಚಿಸಿರಲಿಲ್ಲ. ಆ ಸೀಮೆ ಇದೇ ನೋಡಿ, ಗುಡ್ಡಕ್ಕೆ ಗುಡ್ಡವೇ ಸುಣ್ಣ. ಒಣಗಿದಾಗ ಬೆಳ್ಳಗೆ ಮಿನುಗುವ ಅದು ಮಳೆ ಬಿದ್ದರೆ ಸೋಪು ಸವರಿದ ಬಚ್ಚಲು. ನಡುನಡುವೆ ಚಾಕುವಿನಂಥ ಚಕಮಕಿ ಕಲ್ಲು. ಅದರ ದಕ್ಷಿಣಕ್ಕೆ, ಲೀತ್ ಹಿಲ್ ಇರುವ ಸಾಲು ಮರಳುಗಲ್ಲಿನದು. ನೀರು ಬಸಿದು ಹೋಗುವುದರಿಂದ ಚಳಿಗಾಲದಲ್ಲೂ ಸೈಕಲ್ಲಿಗರೆಲ್ಲ ಇಲ್ಲಿಗೇ ಮುತ್ತುತ್ತಾರೆ. ಇನ್ನೂ ದಕ್ಷಿಣಕ್ಕೆ ವೀಲ್ಡ್ ಎಂಬ ತಗ್ಗು ಪ್ರದೇಶದ ಜೇಡಿಮಣ್ಣು. ಅದರ ಸುದ್ದಿ ಕೇಳಬೇಡಿ. ನವೆಂಬರಿನಿಂದ ಮಾರ್ಚಿನವರೆಗೆ ಅದು ಟೈರಿಗೆ ಮೆತ್ತಿ, ಚೈನಿಗೆ ಮೆತ್ತಿ, ಚಕ್ರವೇ ತಿರುಗದಷ್ಟು ತುಂಬಿಕೊಳ್ಳುತ್ತದೆ. ಆಗ ಸೈಕಲ್ಲಿಗೆ ಮಡ್‌ಗಾರ್ಡ್ ಏಕಿಲ್ಲ ಎಂದು ನನಗೆ ಅರ್ಥವಾಯಿತು. ಇದ್ದಿದ್ದರೆ ಮಣ್ಣು ಅದರೊಳಗೆ ಗಿಡಿದುಕೊಂಡು ಕುಂಬಾರನ ತಿಗರಿಯಾಗುತ್ತಿತ್ತು.

ಮರಳುಗಲ್ಲಿನ ಗುಡ್ಡದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಾಲೋವೇಗಳು. ನೂರಾರು ವರ್ಷ ಗಾಡಿ ಓಡಿ, ದನ ನಡೆದು, ಮಳೆನೀರು ಹರಿದು ಕೊರೆದ ದಾರಿ ನೆಲದೊಳಕ್ಕೆ ಆಳು ಮಟ್ಟಕ್ಕೂ ಮಿಗಿಲಾಗಿ ಇಳಿದುಬಿಟ್ಟಿದೆ. ಎರಡೂ ಬದಿಯ ಧರೆಯಲ್ಲಿ ಬೀಚ್ ಮರದ ಬೇರುಗಳು ಗಂಟುಗಂಟಾಗಿ ಹೊರಗೆ ಬಂದಿವೆ, ಮೇಲೆ ಕೊಂಬೆಗಳ ಚಪ್ಪರ. ಮಧ್ಯಾಹ್ನದಲ್ಲೂ ಸಂಜೆಯ ಬೆಳಕು. ಬ್ರೇಕು ಹಿಡಿದುಕೊಂಡು ಅದರೊಳಗೆ ಇಳಿಯುವಾಗ ಯಾರದೋ ಹಳೆಯ ಮನೆಯ ನೆಲಮಾಳಿಗೆಗೆ ಸೈಕಲ್ಲು ಸಮೇತ ನುಗ್ಗಿದ ಹಾಗೆ ಸಂಕೋಚವಾಗುತ್ತದೆ.

ಅಂಥದೊಂದು ದಾರಿಯಿಂದ ಮೇಲೆ ಬಂದು ಹಾಥಾರ್ನ್ ಬೇಲಿಯ ಪಕ್ಕ ಸಾಗುವಾಗ ನನ್ನ ಹಿಂದಿನ ಚಕ್ರ ಪಂಚರ್ ಆಯಿತು. ಚಳಿಗಾಲಕ್ಕೆ ಮುಂಚೆ ರೈತರು ಬೇಲಿಗಳನ್ನು ಯಂತ್ರದಲ್ಲಿ ಸವರುತ್ತಾರೆ. ಇಂಚುದ್ದದ ಮುಳ್ಳುಗಳೆಲ್ಲ ದಾರಿಯ ಮೇಲೆ. ಅಂಚೆಯಣ್ಣ ಚಕ್ರ ಬಿಚ್ಚಿ, ಟ್ಯೂಬು ಹೊರಗೆಳೆದು, ಗಾಳಿ ತುಂಬಿಸಿ, ಎಲ್ಲಿಂದ ಗಾಳಿ ಸೋರುತ್ತಿದೆ ಎಂದು ಟ್ಯೂಬನ್ನು ಕೆನ್ನೆಗೆ ತಾಗಿಸಿ ತಾಗಿಸಿ ನೋಡುತ್ತಿದ್ದರು. ಆ ಗಾಳಿಯಲ್ಲಿ ಕೆನ್ನೆಗೆ ಏನು ತಿಳಿಯಬೇಕು? ನಾನು ಸುತ್ತ ನೋಡಿದೆ. ಕುದುರೆಯ ಗೊರಸಿನಿಂದಾದ ಗುಂಡಿಯೊಂದರಲ್ಲಿ ತಿಳಿನೀರು ನಿಂತಿತ್ತು. ಟ್ಯೂಬನ್ನು ಇಸಿದುಕೊಂಡು ಅದರಲ್ಲಿ ಅದ್ದಿ, ಎರಡೂ ಕೈಯಲ್ಲಿ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದೆ. ವಾಲ್ವಿನಿಂದ ಗೇಣುದ್ದ ಆಚೆ ಗುಳುಗುಳು ಎಂದು ಗುಳ್ಳೆ ಎದ್ದಿತು. ಬೆರಳೊತ್ತಿ ಹಿಡಿದೆ. ಸಾಗರದ ಸೈಕಲ್ ಶಾಪಿನಲ್ಲಿ ಹಳೆಯ ಬಾಣಲೆಯ ನೀರಿಗೆ ಟ್ಯೂಬು ಅದ್ದುವುದನ್ನು ನೋಡುತ್ತ ಕೂತು ಶಾಲೆ ತಪ್ಪಿಸಿಕೊಂಡಿದ್ದಕ್ಕೆ ನಲವತ್ತು ವರ್ಷದ ಮೇಲೆ ಫಲ ಸಿಕ್ಕಿತು. ಅಂಚೆಯಣ್ಣ ಒಂದು ಗಳಿಗೆ ಸುಮ್ಮನಿದ್ದು, “ಕೆಟ್ಟ ಉಪಾಯವೇನಲ್ಲ” ಎಂದರು. ಅವರ ಭಾಷೆ ಬಲ್ಲವರಿಗೆ ಗೊತ್ತು, ಅದು ಪದ್ಮಭೂಷಣಕ್ಕೆ ಸಮ.

ಪಂಚರ್ ಹಾಕುವಾಗ ಅವರು ಟಾಮ್ ಪಿಡ್‌ಕಾಕನ ಕತೆ ಹೇಳಿದರು. ಲೀಡ್ಸಿನಲ್ಲಿ ಹುಟ್ಟಿದ ಹುಡುಗ, ಟೋಕಿಯೋ ಒಲಿಂಪಿಕ್ಸಿನ ಮೌಂಟನ್ ಬೈಕ್ ಓಟದಲ್ಲಿ ಚಿನ್ನ ಗೆದ್ದವನು. 2024ರ ಪ್ಯಾರಿಸ್ಸಿನಲ್ಲಿ ಓಟದ ನಡುವೆ ಮುಂದಿನ ಚಕ್ರ ಪಂಚರ್. ಚಕ್ರ ಬದಲಿಸಿಕೊಂಡು, ಹಿಂದೆ ಬಿದ್ದದ್ದನ್ನೆಲ್ಲ ತುಂಬಿಕೊಂಡು ಮತ್ತೆ ಚಿನ್ನ ಗೆದ್ದ. ನಮ್ಮದು ಅಷ್ಟು ಬೇಗ ಆಗಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು, ನಡುವೆ ಫ್ಲಾಸ್ಕಿನ ಚಹಾವೂ ಆಯಿತು.

ಕುದುರೆಗಳ ವಿಷಯ ಹೇಳಬೇಕು. ನಾವು ತುಳಿಯುತ್ತಿರುವುದು ಅವುಗಳ ದಾರಿ. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ಲನ್ನು ಕಂಡರೆ ಕುದುರೆ ಬೆದರುತ್ತದೆ. ನಿಧಾನಿಸಿ ಮಾತಾಡಬೇಕು, ಮನುಷ್ಯ ಎಂದು ಗೊತ್ತಾದರೆ ಅದಕ್ಕೆ ಸಮಾಧಾನ ಎಂದು ಅಂಚೆಯಣ್ಣ ಹೇಳಿಕೊಟ್ಟಿದ್ದರು. ಮೊದಲ ಸಲ ಹತ್ತಡಿ ಮುಂದೆ ಕಂದು ಬಣ್ಣದ ಭಾರೀ ಕುದುರೆಯ ಹಿಂಭಾಗ ಕಂಡಾಗ ನನ್ನ ಇಂಗ್ಲಿಷೆಲ್ಲ ಹಾರಿಹೋಯಿತು. “ಹೋಯ್, ಸ್ವಲ್ಪ ದಾರಿ ಬಿಡೇ ಮಾರಾಯ್ತಿ” ಎಂದುಬಿಟ್ಟೆ. ಕುದುರೆ ಕಿವಿಯನ್ನು ಹಿಂದಕ್ಕೆ ತಿರುಗಿಸಿ ಕೇಳಿ, ನೆಟ್ಟಗೆ ಬದಿಗೆ ಸರಿಯಿತು. ಮೇಲೆ ಕೂತಿದ್ದ ಹೆಂಗಸು ಯಾವ ಭಾಷೆ ಎಂದು ವಿಚಾರಿಸಿದಳು. ಕನ್ನಡ ಎಂದೆ. ತಾನು ಇಂಗ್ಲಿಷಿನಲ್ಲಿ ಹೇಳಿದರೆ ಇದು ಹೀಗೆ ಕೇಳುವುದಿಲ್ಲ ಎಂದಳು. ಮನೆಗೆ ಬಂದು ಡ್ರಾಯರಿನಿಂದ ಬೆಲ್ ಹುಡುಕಿ ತೆಗೆದು ಹ್ಯಾಂಡಲ್ಲಿಗೆ ಬಿಗಿದೆ; ಎಲ್ಲ ಕುದುರೆಗೂ ಕನ್ನಡ ಬರಲಿಕ್ಕಿಲ್ಲ. ಫೋಟೋ ನೋಡಿದ ಮಗಳು ಮ್ಯಾಂಚೆಸ್ಟರಿನಿಂದ ಫೋನು ಮಾಡಿದಳು. “ಅಯ್ಯೋ ಅಪ್ಪ, ಬೆಲ್ ಹಾಕಿದ್ಯಾ?”

ಕಾಡಿನಿಂದ ಬಂದ ಮೇಲೆ ಬಚ್ಚಲಿಗೆ ಹೋಗಿ ಮೊಳಕಾಲ ಸಂದು, ಕಂಕುಳು ಎಲ್ಲ ನೋಡಿಕೊಳ್ಳುವುದು ನನ್ನ ಕ್ರಮ. ಇಲ್ಲಿ ಉಂಬಳವಿಲ್ಲ, ಆದರೆ ಉಣುಗು ಇದೆ. ಅದರಿಂದ ಲೈಮ್ ಕಾಯಿಲೆ ಬರುತ್ತದೆ. ಅಂಚೆಯಣ್ಣ ಇದನ್ನು ಹೇಳಲು ಶುರು ಮಾಡಿದಾಗ ತಡೆದು, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಕತೆಯನ್ನು ನಾನೇ ಅರ್ಧ ಗಂಟೆ ಹೇಳಿದೆ. ಅವರು ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದರು. ತುರಿಕೆ ಸೊಪ್ಪಿನಲ್ಲಿ ಬಿದ್ದ ದಿನ ಆ ಗೌರವ ಹೋಯಿತು, ಅದು ಬೇರೆ ವಿಷಯ.

ಈ ದಾರಿಗಳಲ್ಲಿ ಗೇಟುಗಳು ಬಹಳ. ಕುದುರೆಯ ಮೇಲೆ ಕೂತವರ ಕೈಗೆ ಎಟುಕಲಿ ಎಂದು ಅಗುಳಿಗೆ ಉದ್ದನೆಯ ಹಿಡಿ ಇಟ್ಟಿರುತ್ತಾರೆ. ಕಾಲುದಾರಿಗಳಲ್ಲಿ ಬೇಲಿ ಹತ್ತಿ ದಾಟಲು ಮರದ ಮೆಟ್ಟಿಲು. ಮೊದಲ ಸಲ ಅದನ್ನು ನೋಡಿದಾಗ ಬಾಯಿಂದ ತಾನಾಗಿಯೇ ‘ತಡಬೆ’ ಎಂದು ಬಂತು. ಎಷ್ಟು ವರ್ಷವಾಗಿತ್ತೋ ಆ ಶಬ್ದ ಆಡಿ. ಊರಿನಲ್ಲಿ ನಾವು ಶಾಲೆಗೆ ಹೋಗುತ್ತಿದ್ದದ್ದು ಒಬ್ಬರ ಅಡಿಕೆ ತೋಟದ ಅಂಚಿನ ಕಾಲುದಾರಿಯಲ್ಲಿ. ಎರಡು ಉಣುಗೋಲು, ಒಂದು ತಡಬೆ, ಹಳ್ಳಕ್ಕೆ ಒಂದು ಸಂಕ. ಮನೆ ಮನೆಗೆ ಬೈಕು ಬಂದ ಮೇಲೆ ಅಲ್ಲಿ ನಡೆಯುವವರಿಲ್ಲದೆ ಹುಲ್ಲು ಬೆಳೆಯಿತು, ಆಮೇಲೆ ತಂತಿಬೇಲಿ ಬಂತು. ಯಾರೂ ತಕರಾರು ಮಾಡಲಿಲ್ಲ. ನಾನೂ ಮಾಡಲಿಲ್ಲ, ಆಗಲೇ ಊರು ಬಿಟ್ಟಿದ್ದೆ. ಹೋದ ಸಲ ಹೋದಾಗ ಸಂಕ ಎಲ್ಲಿತ್ತು ಎಂಬುದೂ ತಿಳಿಯಲಿಲ್ಲ.

ಇಲ್ಲಿಯೂ ದಾರಿಗಳು ಹಾಗೇ ಮಾಯವಾಗುತ್ತಿದ್ದವು. 1949ರ ಕಾಯ್ದೆಯೊಂದು, ಸಾರ್ವಜನಿಕರಿಗೆ ಹಕ್ಕಿರುವ ದಾರಿಗಳನ್ನೆಲ್ಲ ಪ್ರತಿಯೊಂದು ಕೌಂಟಿಯೂ ನಕ್ಷೆಯಲ್ಲಿ ಗುರುತಿಸಬೇಕು ಎಂದಿತು. ಒಮ್ಮೆ ಅದರಲ್ಲಿ ಗೆರೆ ಬಿದ್ದರೆ ಆಯಿತು, ಜಮೀನು ಯಾರದೇ ಆಗಲಿ, ದಾರಿ ಎಲ್ಲರದು. ಬಿಟ್ಟುಹೋದ ಹಳೆಯ ದಾರಿಗಳನ್ನು ಸೇರಿಸಲು 2000ದ ಕಾಯ್ದೆ 2026ರ ಗಡುವು ಕೊಟ್ಟಿತ್ತು. ಅದು 2031ಕ್ಕೆ ಜಾರಿತು. ಗಡುವನ್ನೇ ತೆಗೆದುಹಾಕುತ್ತೇವೆ ಎಂದು 2024ರ ಕೊನೆಯಲ್ಲಿ ಸರ್ಕಾರ ಹೇಳಿತು. ಅಂಚೆಯಣ್ಣ ಇದನ್ನು ನೆಚ್ಚಿ ಕೂತಿಲ್ಲ. ಮಳೆ ಹಿಡಿದ ದಿನಗಳಲ್ಲಿ ದಾಖಲೆ ಕಚೇರಿಗೆ ಹೋಗಿ, ಇನ್ನೂರು ವರ್ಷದ ಹಿಂದಿನ ನಕ್ಷೆಗಳ ಮೇಲೆ ಭೂತಗನ್ನಡಿ ಹಿಡಿದು, ಒಂದು ಹೊಲದ ಮೂಲೆಯಿಂದ ಚರ್ಚಿನವರೆಗೆ ಇದ್ದ ಅರ್ಧ ಮೈಲಿಯ ದಾರಿಯೊಂದನ್ನು ಹುಡುಕುತ್ತಿದ್ದಾರೆ. ಅದು ಸಿಕ್ಕರೆ ಏನು ಲಾಭ ಎಂದು ಕೇಳಿದೆ. “ಹೋಗಬಹುದು” ಎಂದರು. ಹೋಗಿ ಏನು ಮಾಡುತ್ತೀರಿ? “ವಾಪಸು ಬರಬಹುದು.”

ಈ ಕಡೆ ಮಗ, ಮಗಳು ಎಂದು ಬಂದು ಮೂರು ತಿಂಗಳು ಮನೆಯೊಳಗೇ ಕೂತು ಬೇಸರಪಡುವ ಕನ್ನಡದ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ವಿನಂತಿ. ಸೈಕಲ್ಲು ಬೇಡದಿದ್ದರೆ ಬೇಡ, ಒಳ್ಳೆಯ ಬೂಟು ಹಾಕಿಕೊಂಡು ನೀಲಿ ಬಾಣವೋ ಹಳದಿ ಬಾಣವೋ ಹಿಡಿದು ಹೊರಡಿ. ಯಾರನ್ನೂ ಕೇಳಬೇಕಾಗಿಲ್ಲ. ನಡುವೆ ಗೇಟು ಸಿಕ್ಕರೆ, ತೆರೆದಿದ್ದದ್ದು ತೆರೆದೇ ಇರಲಿ. ಮುಚ್ಚಿದ್ದರೆ ದಾಟಿದ ಮೇಲೆ ಮರೆಯದೆ ಮುಚ್ಚಿ, ಅಗುಳಿ ಬಿತ್ತೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿ. ಆಚೆ ದನಗಳಿವೆ.